ಗೆಳೆತನದಲ್ಲಿ ನಿಮ್ಮದೇ ಕೆಟ್ಟ ಚಾಳಿಗಳನ್ನು ಪತ್ತೆ ಹಚ್ಚುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಗೆಳೆಯರ ತಪ್ಪು ಹೇಳಿ ಎಂದರೆ ಯಾರಿಗಾದರೂ ಐದು ನಿಮಿಷದಲ್ಲಿ ಹತ್ತು ನೆನಪಾಗುತ್ತವೆ. ಒಬ್ಬ ಹೇಳಿದ ಹೊತ್ತಿಗೆ ಬರುವುದಿಲ್ಲ, ಇನ್ನೊಬ್ಬಳು ಕೆಲಸ ಇದ್ದಾಗ ಮಾತ್ರ ಫೋನ್ ಮಾಡುತ್ತಾಳೆ, ಮತ್ತೊಬ್ಬನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ‘ಸರಿ, ನಿಮ್ಮದು ಹೇಳಿ’ ಎಂದಾಗ ಬರುವ ಉತ್ತರವೇ ಬೇರೆ: ‘ನಾನು ಸ್ವಲ್ಪ ನೇರ ಮಾತು’, ‘ಎಲ್ಲರನ್ನೂ ಬೇಗ ನಂಬಿಬಿಡ್ತೀನಿ’. ಇವು ದೋಷವಲ್ಲ, ದೋಷದ ವೇಷ ಹಾಕಿದ ಆತ್ಮಪ್ರಶಂಸೆ.

ಇದರಲ್ಲಿ ಬೇಕಂತಲೇ ಮಾಡುವ ಮೋಸ ಏನೂ ಇಲ್ಲ. ನಿಮ್ಮ ಉದ್ದೇಶ ಒಳಗಿನಿಂದ ನಿಮಗೆ ಗೊತ್ತು. ಗೆಳೆಯರಿಗೆ ಕಾಣುವುದು ನೀವು ಮಾಡಿದ್ದು, ಮಾಡದೆ ಬಿಟ್ಟದ್ದು ಮಾತ್ರ. ಮೆಸೇಜಿಗೆ ನಾಲ್ಕು ದಿನ ಉತ್ತರ ಕೊಡದಿದ್ದಾಗ ‘ಸಮಾಧಾನವಾಗಿ ಕೂತು ಬರೆಯೋಣ ಅಂದುಕೊಂಡಿದ್ದೆ’ ಎಂಬುದು ನಿಮ್ಮ ತಲೆಯಲ್ಲಿದೆ, ಅವರ ಫೋನಿನಲ್ಲಿ ಇಲ್ಲ. ಅದಕ್ಕೇ ಕಣ್ಣು ಮುಚ್ಚಿ ಕೂತು ‘ನಾನು ಎಂಥ ಸ್ನೇಹಿತ’ ಎಂದು ಯೋಚಿಸುವುದು ಈ ಕೆಲಸಕ್ಕೆ ಅತ್ಯಂತ ಕೆಟ್ಟ ಆರಂಭ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡಿರನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಗೆಲಸದಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಿದ್ದರು. ಇಬ್ಬರೂ ಹೇಳಿದ್ದನ್ನು ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ಒಟ್ಟು ಕೆಲಸಕ್ಕಿಂತ ಜಾಸ್ತಿ ಆಗುತ್ತಿತ್ತು. ತಾನು ಮಾಡಿದ್ದು ತನಗೆ ಚೆನ್ನಾಗಿ ನೆನಪಿರುತ್ತದೆ, ಅಷ್ಟೇ. ಗೆಳೆತನದಲ್ಲೂ ‘ಯಾವಾಗಲೂ ನಾನೇ ಫೋನ್ ಮಾಡೋದು’ ಎಂದು ಇಬ್ಬರೂ ಪ್ರಾಮಾಣಿಕವಾಗಿಯೇ ನಂಬಿರಬಹುದು.

ಆದ್ದರಿಂದ ಇಲ್ಲಿನ ಕ್ರಮ ಹೀಗೆ: ಮೊದಲು ದಾಖಲೆ, ಆಮೇಲೆ ಗಮನ, ಕೊನೆಗೆ ಪ್ರಶ್ನೆ. ಯೋಚನೆಗೆ ಕೂರುವುದು ಇವೆಲ್ಲ ಮುಗಿದ ಮೇಲೆ.

ಹಂತ 1: ಮೂವರನ್ನು ಆರಿಸಿಕೊಳ್ಳಿ

ಎಲ್ಲ ಗೆಳೆಯರನ್ನೂ ಒಟ್ಟಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಈಗ ತುಂಬಾ ಹತ್ತಿರ ಇರುವವರು ಒಬ್ಬರು, ಹಿಂದೆ ಹತ್ತಿರವಿದ್ದು ಈಗ ದೂರವಾಗುತ್ತಿರುವವರು ಒಬ್ಬರು, ಕಾರಣ ಹೇಳದೆ ಸ್ವಲ್ಪ ತಣ್ಣಗಾಗಿರುವವರು ಒಬ್ಬರು. ಮೂರನೆಯವರನ್ನು ಬಿಟ್ಟುಬಿಡಬೇಕು ಎಂದು ಅನ್ನಿಸುತ್ತದೆ. ಬಿಡಬೇಡಿ, ಹೆಚ್ಚು ತಿಳಿಯುವುದು ಅಲ್ಲೇ.

ಒಂದೂವರೆ ಗಂಟೆ ಬಿಡುವು, ಒಂದು ಹಾಳೆ, ಫೋನ್ ಸಾಕು. ಅವರಲ್ಲಿ ಯಾರೊಂದಿಗಾದರೂ ಜಗಳ ಆದ ದಿನ ಮಾತ್ರ ಕೂರಬೇಡಿ. ಆ ದಿನ ನೀವು ಹುಡುಕುವುದು ಅವರ ತಪ್ಪನ್ನು.

ಹಂತ 2: ಫೋನಿನಲ್ಲಿರುವ ಸಾಕ್ಷಿ

ಮೂವರ ಚಾಟ್‌ಗಳನ್ನೂ ಕಳೆದ 90 ದಿನ ಹಿಂದಕ್ಕೆ ಸರಿಸಿ ನೋಡಿ. ಫೋನಿನಲ್ಲೇ ಮಾತಾಡುವ ಜೋಡಿಯಾದರೆ, ಅಥವಾ ಮೆಸೇಜು ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದ್ದರೆ, ಕಾಲ್ ಪಟ್ಟಿ ನೋಡಿ. ಹಾಳೆಯಲ್ಲಿ ಬರೆದುಕೊಳ್ಳಬೇಕಾದ್ದು:

- ಕೊನೆಯ 10 ಮಾತುಕತೆ ಶುರು ಮಾಡಿದ್ದು ಯಾರು? ಅದರಲ್ಲಿ 8 ಅವರದೇ ಆಗಿದ್ದರೆ ಗುರುತು ಹಾಕಿ.
- ನೀವು ಶುರು ಮಾಡಿದ್ದರಲ್ಲಿ ಎಷ್ಟು ಸಲ ಏನೋ ಬೇಕಾಗಿತ್ತು? ನಂಬರು, ಶಿಫಾರಸು, ಸಾಲ, ‘ಒಂದು ಸಣ್ಣ ಹೆಲ್ಪ್’. ‘ಹೇಗಿದ್ದೀಯಾ’ ಆದ ಮೂರನೇ ಸಾಲಿನಲ್ಲಿ ಕೆಲಸ ಬಂದಿದ್ದರೆ ಅದೂ ಈ ಲೆಕ್ಕಕ್ಕೇ.
- ನಿಮ್ಮ ಕೊನೆಯ 50 ಮೆಸೇಜಿನಲ್ಲಿ ಅವರ ಬಗ್ಗೆ ಕೇಳಿದ ಪ್ರಶ್ನೆ ಎಷ್ಟು? ‘ಊಟ ಆಯ್ತಾ’ ಲೆಕ್ಕಕ್ಕಿಲ್ಲ. ಅವರು ಮೊದಲೇ ಹೇಳಿದ್ದ ವಿಷಯ ಹಿಡಿದು ಕೇಳಿದ್ದು, ‘ಆ ಇಂಟರ್‌ವ್ಯೂ ಏನಾಯ್ತು’ ಎಂಬಂಥದ್ದು, ಲೆಕ್ಕಕ್ಕುಂಟು.
- ಅವರ ಯಾವ ಮೆಸೇಜು ಉತ್ತರವಿಲ್ಲದೆ ಹಾಗೇ ನಿಂತಿದೆ? ಅದರಲ್ಲಿ ಎಷ್ಟು ಮನಸ್ಸಿನ ಮಾತು, ಎಷ್ಟು ಬರೀ ಫಾರ್ವರ್ಡ್?

ಇನ್ನು ಹುಡುಕುವ ಪೆಟ್ಟಿಗೆ. ಅದರಲ್ಲಿ ‘ಸಾರಿ’, ‘ಬ್ಯುಸಿ’, ‘ಆಮೇಲೆ’, ‘ನೋಡೋಣ’, ‘ಮರೆತೇಹೋಯ್ತು’ ಎಂದು ಒಂದೊಂದಾಗಿ ಹಾಕಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ತಾವು ಬಳಸುವ ಎಲ್ಲ ಕಾಗುಣಿತದಲ್ಲೂ ಹುಡುಕಬೇಕು. ಒಂದೇ ತಪ್ಪಿಗೆ ಮೂರು ಸಲ ‘ಸಾರಿ’ ಸಿಕ್ಕಿದರೆ ನಿಮ್ಮ ಚಾಳಿ ಸಿಕ್ಕಿತು. ‘ನೋಡೋಣ’ ಸಿಕ್ಕ ಕಡೆಯಲ್ಲೆಲ್ಲ ಕೆಳಗಿಳಿದು, ಆ ಯೋಜನೆ ಕೊನೆಗೆ ಏನಾಯಿತು ಎಂದು ನೋಡಿ. ಬರಲು ಆಗಲ್ಲ ಎನ್ನಲು ಸಂಕೋಚಪಟ್ಟು ‘ನೋಡೋಣ’ ಎನ್ನುವವರು ಅದನ್ನು ಸೌಜನ್ಯ ಎಂದುಕೊಂಡಿರುತ್ತಾರೆ. ಎದುರಿನವರು ಆ ಸಂಜೆಯನ್ನು ಖಾಲಿ ಇಟ್ಟುಕೊಂಡು ಕಾದಿರುತ್ತಾರೆ.

ಲೆಕ್ಕ ಓದುವಾಗ ಎಚ್ಚರ ಬೇಕು. ಕೆಲವರು ಯಾರಿಗೂ ಮೊದಲು ಮೆಸೇಜು ಮಾಡುವವರಲ್ಲ, ಆದರೆ ಫೋನ್ ಮಾಡಿದರೆ ಒಂದು ಗಂಟೆ ಕೂರುತ್ತಾರೆ. ಅಂಥವರೊಂದಿಗೆ 10ಕ್ಕೆ 9 ನಿಮ್ಮದೇ ಆಗಿದ್ದರೂ ಅದು ಅವರ ತಾತ್ಸಾರವಲ್ಲ, ನಿಮ್ಮ ಹೆಗ್ಗಳಿಕೆಯೂ ಅಲ್ಲ. ಇನ್ನೊಂದು ಕಡೆ, ‘ಸುಮ್ಮನೆ ಯಾಕೆ ಅವರಿಗೆ ತೊಂದರೆ’ ಎಂದು ಸಂಪರ್ಕ ಬಿಡುವವರು ಇದನ್ನು ತಿಳಿದಿರಬೇಕು: ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಸುಮ್ಮನೆ ವಿಚಾರಿಸಿದಾಗ ಎದುರಿನವರಿಗೆ ಆಗುವ ಸಂತೋಷವನ್ನು ವಿಚಾರಿಸುವವರು ಕಡಿಮೆಯೇ ಅಂದಾಜು ಮಾಡಿದ್ದರು.

ಹಂತ 3: ಹಣ, ವಸ್ತು, ಹೊತ್ತು

ಇದು ಹತ್ತು ನಿಮಿಷದ ಕೆಲಸ. ಕೊಡಬೇಕಾದ ಹಣ ಬಾಕಿ ಇದೆಯೇ? ಚಿಕ್ಕ ಮೊತ್ತವನ್ನು ಹೆಚ್ಚು ಹುಡುಕಿ. ದೊಡ್ಡ ಸಾಲವನ್ನು ಇಬ್ಬರೂ ಮರೆಯುವುದಿಲ್ಲ, ಚಿಲ್ಲರೆಯನ್ನು ಇಸಕೊಂಡವರು ಮಾತ್ರ ಮರೆಯುತ್ತಾರೆ. ‘ಅವರು ಕೇಳಲೇ ಇಲ್ಲ’ ಎಂಬುದು ಉತ್ತರವಲ್ಲ, ಕೇಳಲು ಅವರಿಗೆ ಮುಜುಗರ. ಇಸಕೊಂಡು ಬಂದ ಪುಸ್ತಕ, ಬಟ್ಟೆ, ಚಾರ್ಜರ್ ಮನೆಯಲ್ಲಿ ಎಲ್ಲಿವೆ ನೋಡಿ.

ಆಮೇಲೆ ಕೊನೆಯ ಐದು ಭೇಟಿ. ಜಾಗ ಯಾರ ಅನುಕೂಲಕ್ಕಿತ್ತು, ಯಾರು ಕಾದರು, ಕೊನೆ ಗಳಿಗೆಯಲ್ಲಿ ಕೈ ಎತ್ತಿದ್ದು ಯಾರು? ಸದಾ ತಡ ಮಾಡುವವರು ಸಾಮಾನ್ಯವಾಗಿ ಸೋಮಾರಿಗಳಲ್ಲ. ಎಲ್ಲವೂ ಸಲೀಸಾಗಿ ನಡೆದರೆ ಎಷ್ಟು ಹೊತ್ತು ಬೇಕೋ ಅಷ್ಟನ್ನೇ ಲೆಕ್ಕ ಹಾಕುತ್ತಾರೆ. ಅವರು ತಲುಪುವ ಸಮಯದ ಬದಲು ಮನೆ ಬಿಡುವ ಸಮಯ ಗೊತ್ತು ಮಾಡಿಕೊಂಡು, ಅದಕ್ಕೆ 15 ನಿಮಿಷ ಮೊದಲು ಅಲಾರಂ ಇಟ್ಟರೆ ಅರ್ಧ ಕಾಯಿಲೆ ವಾಸಿ. ಇನ್ನೂ ಸ್ನಾನಕ್ಕೇ ಇಳಿಯದೆ ‘ಹೊರಟೆ, ದಾರಿಯಲ್ಲಿದ್ದೀನಿ’ ಎನ್ನುವವರದು ತಡದ ಸಮಸ್ಯೆ ಅಲ್ಲ. ಅದನ್ನು ಸುಳ್ಳು ಎಂದೇ ಹಾಳೆಯಲ್ಲಿ ಬರೆಯಿರಿ.

ಹಂತ 4: ಮಾತಿನಲ್ಲಿ ಏನಾಗುತ್ತಿದೆ

ಹೆಚ್ಚಿನ ಕೆಟ್ಟ ಚಾಳಿಗಳು ಇರುವುದು ಇಲ್ಲಿ, ಮತ್ತು ಇದಕ್ಕೆ ದಾಖಲೆ ಇರುವುದಿಲ್ಲ. ಮುಂದಿನ ಮೂರು ಭೇಟಿ ಅಥವಾ ಕರೆಗಳಲ್ಲಿ ಗಮನಿಸಬೇಕು. ಒಂದು ಸಲಕ್ಕೆ ಒಂದೇ ವಿಷಯ. ಎಲ್ಲವನ್ನೂ ಒಟ್ಟಿಗೆ ಗಮನಿಸಲು ಹೋದರೆ ನಿಮ್ಮ ಮುಖವೇ ಬಿಗಿದುಕೊಂಡು, ‘ಏನಾಯ್ತು, ಹುಷಾರಿಲ್ವಾ’ ಎಂದು ಅವರೇ ಕೇಳುತ್ತಾರೆ.

ಮೊದಲನೆಯದು, ಮಾತನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಡರ್ಬರ್ ಇದನ್ನು ಎರಡು ಬಗೆಯ ಪ್ರತಿಕ್ರಿಯೆಯಾಗಿ ಬೇರ್ಪಡಿಸಿದ್ದಾರೆ: ಹೇಳುವವರ ಮಾತನ್ನು ಮುಂದಕ್ಕೆ ಒಯ್ಯುವುದು ಒಂದು, ವಿಷಯವನ್ನು ತನ್ನತ್ತ ಹೊರಳಿಸುವುದು ಇನ್ನೊಂದು. ಹತ್ತಿರದಿಂದ ನೋಡಿದರೆ ಹೀಗಿರುತ್ತದೆ:

‘ಈ ವಾರ ಒಂದು ದಿನವೂ ಸರಿಯಾಗಿ ನಿದ್ದೆ ಬಂದಿಲ್ಲ ಕಣೋ.’
‘ನನ್ನ ಕಥೆ ಕೇಳು, ತಿಂಗಳಾಯ್ತು ನಿದ್ದೆ ಕಂಡು. ಆಫೀಸಲ್ಲಿ ಏನಾಗಿದೆ ಅಂದ್ರೆ…’

ಎರಡನೆಯವನು ಹೇಳಲು ಹೊರಟಿದ್ದು ‘ನೀನೊಬ್ಬನೇ ಅಲ್ಲ, ನಾನೂ ಇದ್ದೀನಿ’ ಎಂದು. ಮೊದಲನೆಯವನಿಗೆ ಕೇಳಿಸಿದ್ದು ‘ನಿಂದು ಸಾಕು’ ಎಂದು. ‘ಯಾಕೋ, ಏನಾದ್ರೂ ತಲೆಲಿ ಕೊರೀತಾ ಇದ್ಯಾ?’ ಎಂದಿದ್ದರೆ ಮಾತು ಅವನಲ್ಲೇ ಉಳಿಯುತ್ತಿತ್ತು. ಹಾಗಂತ ನಿಮ್ಮ ಅನುಭವ ಹೇಳಲೇಬಾರದು ಎಂದಲ್ಲ. ಹೇಳಿ, ಎರಡು ಮಾತಿನೊಳಗೆ ಅವರ ವಿಷಯಕ್ಕೆ ವಾಪಸ್ ಬಂದಿರಾ ಎಂಬುದೇ ಪರೀಕ್ಷೆ.

ಇದಕ್ಕಿಂತ ಖಚಿತವಾದ ಪರೀಕ್ಷೆ ಒಂದಿದೆ. ಭೇಟಿ ಮುಗಿದ ಹತ್ತು ನಿಮಿಷದೊಳಗೆ, ಅವರ ಬಗ್ಗೆ ಇವತ್ತು ಹೊಸದಾಗಿ ತಿಳಿದ ಮೂರು ಸಂಗತಿ ಬರೆಯಿರಿ. ‘ಚೆನ್ನಾಗಿದ್ದಾಳೆ, ಕೆಲಸ ಜಾಸ್ತಿ’ ಎಂದು ಪೆನ್ನು ನಿಂತರೆ ಮಾತಾಡಿದ್ದೆಲ್ಲ ನೀವೇ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ.

ನಡುವೆ ಬಾಯಿ ಹಾಕುವ ಬಗ್ಗೆ ಅನವಶ್ಯಕ ಅಪರಾಧಿ ಭಾವ ಬೇಡ. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಇಷ್ಟು ಬಿಗಿಯಾದ ಆಟದಲ್ಲಿ ಮಾತಿಗೆ ಮಾತು ತಾಗುವುದು ಸಹಜ. ಎಷ್ಟು ಸಲ ತಾಗಿತು ಎಂದು ಎಣಿಸಬೇಡಿ, ಅವರು ಶುರು ಮಾಡಿದ ಕಥೆ ಕೊನೆ ಮುಟ್ಟಿತೇ ಎಂದು ನೋಡಿ.

ಎರಡನೆಯದು, ಒಳ್ಳೆಯ ಸುದ್ದಿಗೆ ನೀವು ಕೊಡುವ ಉತ್ತರ. ಕಷ್ಟದಲ್ಲಿ ಆಗುವವರೇ ನಿಜವಾದ ಗೆಳೆಯರು ಎಂದು ಎಲ್ಲರೂ ಕೇಳಿ ಬೆಳೆದಿರುವುದರಿಂದ, ಸುಖದಲ್ಲಿ ಹೇಗೆ ನಡೆದುಕೊಳ್ಳುತ್ತೇವೆ ಎಂದು ಯಾರೂ ನೋಡಿಕೊಳ್ಳುವುದಿಲ್ಲ. ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿಕ್ರಿಯೆಗಳನ್ನು ನಾಲ್ಕಾಗಿ ವಿಂಗಡಿಸಿದ್ದರು. ‘ನಂಗೆ ಪ್ರಮೋಷನ್ ಆಯ್ತು ಕಣೇ’ ಎಂದು ಗೆಳತಿ ಹೇಳಿದಳು ಎಂದಿಟ್ಟುಕೊಳ್ಳಿ:

- ‘ಹೌದಾ! ಯಾವಾಗ ಗೊತ್ತಾಯ್ತು? ಒಳಗೆ ಕರೆದು ಹೇಳಿದ್ರಾ?’
- ‘ಒಳ್ಳೇದಾಯ್ತು.’ ಅಥವಾ ಹೆಬ್ಬೆರಳಿನ ಒಂದು ಎಮೋಜಿ.
- ‘ಇನ್ಮೇಲೆ ರಾತ್ರಿ ಹತ್ತರ ತನಕ ದುಡಿ. ಸಂಬಳ ಎಷ್ಟೇ ಕೊಟ್ರೂ ನೆಮ್ಮದಿ ಮುಖ್ಯ.’
- ‘ಸರಿ, ಶನಿವಾರ ಸಿಗ್ತೀಯಾ ಇಲ್ವಾ?’

ಅಧ್ಯಯನ ನಡೆದದ್ದು ಪ್ರಣಯ ಮತ್ತು ದಾಂಪತ್ಯ ಸಂಬಂಧಗಳ ಮೇಲೆ. ಸಂಬಂಧದ ತೃಪ್ತಿ ಜೊತೆಯಾಗಿ ಕಂಡದ್ದು ಮೊದಲ ಬಗೆಯೊಂದಿಗೆ ಮಾತ್ರ, ಉಳಿದ ಮೂರೂ ಅದಕ್ಕೆ ವಿರುದ್ಧ ದಿಕ್ಕಿನಲ್ಲಿದ್ದವು. ಗಮನಿಸಬೇಕಾದ್ದು ಎರಡನೆಯದು, ನಿರುಪದ್ರವಿ ಎಂದು ಕಾಣುವ ಆ ‘ಒಳ್ಳೇದಾಯ್ತು’. ಮೂರನೆಯದು ಕಾಳಜಿಯ ಹೆಸರಿನಲ್ಲಿ ಬರುವುದರಿಂದ ಆಡಿದವರಿಗೆ ಗೊತ್ತೇ ಆಗುವುದಿಲ್ಲ. ಗೆಳೆಯರ ಒಳ್ಳೆ ಸುದ್ದಿ ನಿಮಗೆ ಬೇರೆಯವರ ಮೂಲಕ ತಡವಾಗಿ ತಿಳಿಯುತ್ತಿದ್ದರೆ, ಈ ಪಟ್ಟಿಗೆ ವಾಪಸ್ ಬನ್ನಿ.

ಮೂರನೆಯದು, ಕಷ್ಟ ಹೇಳಿಕೊಂಡಾಗ ತಕ್ಷಣ ಸಲಹೆಗೆ ಇಳಿಯುವುದು. ಅವರ ಮಾತು ಮುಗಿದಿರುವುದಿಲ್ಲ, ನಿಮ್ಮ ‘ನೀನೊಂದು ಕೆಲಸ ಮಾಡು’ ಶುರುವಾಗಿರುತ್ತದೆ. ಅವರು ‘ಹೂಂ… ನೋಡ್ತೀನಿ’ ಎಂದು ತಣ್ಣಗಾದರೆ ಸಲಹೆ ಬೇಕಿರಲಿಲ್ಲ ಎಂದರ್ಥ. ಮೊದಲೇ ಕೇಳಿಬಿಡಿ: ‘ಸುಮ್ನೆ ಕೇಳಿಸ್ಕೊಳ್ಳಲಾ, ಇಲ್ಲ ಏನಾದ್ರೂ ದಾರಿ ಹುಡುಕೋಣ್ವಾ?’

ಇದರ ಉಲ್ಟಾ ಚಾಳಿಯೂ ಇದೆ. ಒಂದೇ ಗೋಳನ್ನು ಇಬ್ಬರೂ ಸೇರಿ ಮತ್ತೆ ಮತ್ತೆ ಕೆದಕುವುದು. ಅಮಾಂಡಾ ರೋಸ್ 2002ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಮಾಡುವವರಲ್ಲಿ ಆಪ್ತತೆಯೂ ಹೆಚ್ಚಿತ್ತು, ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಹೆಚ್ಚಿದ್ದವು. ಹತ್ತಿರವಾದ ಹಾಗೆ ಅನ್ನಿಸುವುದರಿಂದಲೇ ಇದು ಹಿಡಿತಕ್ಕೆ ಸಿಗುವುದಿಲ್ಲ. ಒಂದೇ ವ್ಯಕ್ತಿಯ ಬಗ್ಗೆ ಒಂದೇ ದೂರನ್ನು, ಹೊಸದೇನೂ ನಡೆಯದಿದ್ದರೂ, ಒಂದೇ ತಿಂಗಳಲ್ಲಿ ಮೂರನೇ ಸಲ ಹೇಳಿದ್ದರೆ ಬರೆದುಕೊಳ್ಳಿ.

ಹಂತ 5: ಮೂರನೆಯವರು ಇದ್ದಾಗ

ಇಬ್ಬರೇ ಇದ್ದಾಗ ಗೆಳೆಯರನ್ನು ಛೇಡಿಸದವರು ನಾಲ್ಕು ಜನ ಸೇರಿದಾಗ ಮಾತ್ರ ಅವರ ಕಾಲೆಳೆಯುತ್ತಿದ್ದರೆ, ಆ ತಮಾಷೆ ಗೆಳೆಯರಿಗಾಗಿ ಅಲ್ಲ, ಪ್ರೇಕ್ಷಕರಿಗಾಗಿ. ನಿಮ್ಮ ಕೊನೆಯ ಕೆಲವು ತಮಾಷೆಗಳು ಒಂದೇ ವಿಷಯದ ಮೇಲಿದ್ದವೇ? ಮೈಬಣ್ಣ, ತೂಕ, ಸಂಬಳ, ಮದುವೆ? ಅವರು ನಿಮ್ಮ ಮೇಲೆ ಅಷ್ಟೇ ಸಲೀಸಾಗಿ ತಮಾಷೆ ಮಾಡುತ್ತಾರೆಯೇ? ಅವರು ನಕ್ಕರು ಎಂಬುದು ಸಾಕ್ಷಿಯಲ್ಲ. ಎಲ್ಲರೂ ನಗುವಾಗ ನಗದೆ ಕೂರುವುದು ಬಹಳ ಕಷ್ಟ.

ಗುಟ್ಟಿನ ವಿಷಯಕ್ಕೆ ಒಂದು ಸರಳ ಲೆಕ್ಕ: ‘ನಾನು ಹೇಳ್ದೆ ಅಂತ ಹೇಳ್ಬೇಡ’ ಎಂದು ಈ ತಿಂಗಳು ಎಷ್ಟು ಸಲ ಹೇಳಿದಿರಿ? ಅಷ್ಟೂ ಸಲ ಯಾರದೋ ನಂಬಿಕೆಯನ್ನು ಮುರಿದಿದ್ದೀರಿ. ಸಂಗಾತಿಗೆ ಎಲ್ಲವನ್ನೂ ಹೇಳುವವರು ಅದನ್ನು ಗೆಳೆಯರಿಗೆ ಮೊದಲೇ ತಿಳಿಸಿಬಿಡುವುದು ನ್ಯಾಯ.

ಹಂತ 6: ಕೇಳಿ ತಿಳಿದುಕೊಳ್ಳಿ

‘ಅವರ ಜಾಗದಲ್ಲಿ ನಿಂತು ಯೋಚಿಸು’ ಎಂಬ ಬುದ್ಧಿವಾದ ಚೆನ್ನಾಗಿದೆ, ಆದರೆ ನಿಖರತೆ ತರುವುದಿಲ್ಲ. ಟಾಲ್ ಇಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ 25 ಪ್ರಯೋಗಗಳಲ್ಲಿ, ಬೇರೆಯವರ ದೃಷ್ಟಿಯಿಂದ ಊಹಿಸಿಕೊಂಡದ್ದರಿಂದ ಅವರ ಮನಸ್ಸು ಹೆಚ್ಚು ಸರಿಯಾಗಿ ತಿಳಿದದ್ದಿಲ್ಲ. ತಿಳಿದದ್ದು ನೇರವಾಗಿ ಕೇಳಿದಾಗ.

ಯಾರನ್ನು ಕೇಳಬೇಕು? ಹಿಂದೆ ಒಮ್ಮೆಯಾದರೂ ನಿಮಗೆ ಇಷ್ಟವಾಗದ ಮಾತನ್ನು ಮುಖಕ್ಕೆ ಹೇಳಿದವರನ್ನು. ತಣ್ಣಗಾಗಿರುವ ಆ ಮೂರನೆಯವರಿಂದ ಶುರು ಮಾಡಬೇಡಿ, ಅವರಿಗೆ ಅದು ಜಗಳಕ್ಕೆ ಕರೆದಂತೆ ಕೇಳಿಸುತ್ತದೆ. ಗ್ರೂಪಿನಲ್ಲಂತೂ ಕೇಳಲೇಬೇಡಿ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳುವುದಕ್ಕಿಂತ ಜೊತೆಯಲ್ಲಿ ನಡೆಯುತ್ತಾ ಕೇಳಿದರೆ ಬಾಯಿ ಬಿಡುವುದು ಸುಲಭ.

‘ನಾನು ಒಳ್ಳೆ ಫ್ರೆಂಡಾ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯ. ಹಾಳೆಯಲ್ಲಿ ಸಿಕ್ಕಿದ ಒಂದು ಗುಮಾನಿಯನ್ನು ನೀವೇ ಮುಂದಿಡಿ: ‘ನೀನು ಮಾತಾಡುವಾಗ ನಾನು ಫೋನ್ ನೋಡ್ತಿರ್ತೀನಲ್ಲ, ನಿಂಗೆ ಕಿರಿಕಿರಿ ಆಗುತ್ತಾ?’ ದೂರುವುದು ಕಷ್ಟ, ಹೌದು ಎಂದು ತಲೆಯಾಡಿಸುವುದು ಸುಲಭ. ಅವರು ಹೌದು ಎಂದ ಮೇಲೆ ‘ಇದಲ್ಲದೆ ಇನ್ನೇನಾದ್ರೂ?’ ಎಂದು ಕೇಳಿ, ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡಿರಿ. ಅಸಲಿ ಮಾತು ಬರುವುದು ಆ ಮೌನದ ಆಚೆ.

ಮೆತ್ತಗಿನ ಉತ್ತರಗಳನ್ನೂ ಓದಲು ಕಲಿಯಬೇಕು. ‘ನಿನ್ನ ಸ್ವಭಾವ ಗೊತ್ತಲ್ಲ ಬಿಡು’, ‘ನಂಗೆ ಅಭ್ಯಾಸ ಆಗ್ಹೋಗಿದೆ’ ಎಂದರೆ ಅಡ್ಡಿಯಿಲ್ಲ ಎಂದಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ಅವರು ಕೈಬಿಟ್ಟಿದ್ದಾರೆ.

ಉತ್ತರ ಬಂದ ಮೇಲಿನ ಮೊದಲ ನಿಮಿಷದಲ್ಲೇ ಕೆಲಸ ಕೆಡುವುದು, ಮೂರು ರೀತಿಯಲ್ಲಿ. ವಕೀಲಿಕೆ: ‘ಅದು ಹಾಗಲ್ಲ, ಆವತ್ತು ಏನಾಗಿತ್ತು ಅಂದ್ರೆ…’ ಎದುರೇಟು: ‘ನೀನೇನು ಕಮ್ಮಿನಾ?’ ಕುಸಿತ: ‘ನಾನೇ ಸರಿ ಇಲ್ಲ, ನನ್ನಂಥವನ ಜೊತೆ ಹೇಗಿದ್ದೀಯೋ.’ ಮೂರರಲ್ಲಿ ಕೊನೆಯದೇ ಹೆಚ್ಚು ಹಾನಿ ಮಾಡುವಂಥದ್ದು. ನೋಡಲು ವಿನಯ, ಆದರೆ ನೊಂದವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ, ಇನ್ನೊಮ್ಮೆ ಅವರು ಏನನ್ನೂ ಹೇಳುವುದಿಲ್ಲ. ‘ಇದು ನಂಗೆ ಹೊಳೆದೇ ಇರ್ಲಿಲ್ಲ. ಹೇಳಿದ್ದು ಒಳ್ಳೇದಾಯ್ತು’ ಎಂದು ಅಲ್ಲಿಗೆ ನಿಲ್ಲಿಸಿ. ವಿವರಣೆ ಕೊಡಲೇಬೇಕಿದ್ದರೆ ಎರಡು ದಿನ ಬಿಟ್ಟು ಕೊಡಿ. ಆಗ ಬೇಕು ಎನ್ನಿಸುವುದೇ ಇಲ್ಲ, ಬಹಳ ಸಲ.

ಹಂತ 7: ಯಾವುದು ಚಾಳಿ, ಯಾವುದು ಅಲ್ಲ

ಇಬ್ಬರು ಬೇರೆ ಬೇರೆ ಗೆಳೆಯರೊಂದಿಗೆ, ಒಟ್ಟು ಮೂರು ಸಲವಾದರೂ ಕಂಡದ್ದನ್ನು ಚಾಳಿ ಎಂದು ಹಿಡಿಯಿರಿ. ಇದು ವಿಜ್ಞಾನದ ಸೂತ್ರವಲ್ಲ, ಕೆಲಸಕ್ಕೆ ಬರುವ ಅಳತೆ. ಒಮ್ಮೆ ನಡೆದದ್ದು ತಪ್ಪು, ಅದಕ್ಕೆ ಕ್ಷಮೆ ಸಾಕು. ಕಾಯಿಲೆ, ಹಸುಗೂಸು, ಹಾಸಿಗೆ ಹಿಡಿದ ಹಿರಿಯರ ಆರೈಕೆ, ಕೆಲಸ ಹೋದ ಹೊತ್ತು ಇವೆಲ್ಲ ಒಂದು ಅವಧಿ. ಆ ಅವಧಿಯಲ್ಲಿ ಮಾಯವಾಗುವುದು ದೋಷವಲ್ಲ, ಒಂದು ಮಾತೂ ಹೇಳದೆ ಮಾಯವಾಗುವುದು ದೋಷ.

ಸಾಲ ಕೊಡಲಿಲ್ಲ, ಕರೆದ ಕಡೆಗೆಲ್ಲ ಬರಲಿಲ್ಲ, ಸುಳ್ಳಿಗೆ ಸಾಕ್ಷಿ ನಿಲ್ಲಲಿಲ್ಲ ಎಂದು ಒಬ್ಬರೇ ದೂರುತ್ತಿದ್ದರೆ ಅದನ್ನು ಪಟ್ಟಿಯಿಂದ ಹೊಡೆದುಹಾಕಿ. ಇಲ್ಲ ಎನ್ನುವುದು ಕೆಟ್ಟ ಚಾಳಿಯಲ್ಲ. ಇನ್ನೊಂದು, ಹಾಳೆಯ ಪ್ರತಿ ಸಾಲಿನಲ್ಲೂ ನೀವೇ ಅಪರಾಧಿ ಎಂದು ಕಂಡು, ಆ ಭಾರ ದಿನವಿಡೀ ಬಿಡದಿದ್ದರೆ ಈ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಮಿತಿಮೀರಿದ ಅಪರಾಧಿ ಭಾವ ಖಿನ್ನತೆಯ ಲಕ್ಷಣಗಳಲ್ಲಿ ಒಂದು. ಆಗ ಬೇಕಿರುವುದು ಆತ್ಮಶೋಧನೆಯಲ್ಲ, ವೈದ್ಯರು ಅಥವಾ ಆಪ್ತಸಮಾಲೋಚಕರು.

ಹಂತ 8: ಒಂದನ್ನೇ ಹಿಡಿದು ತಿದ್ದಿ

ಪಟ್ಟಿಯಲ್ಲಿ ಏಳಿದ್ದರೂ ಆರಿಸಿಕೊಳ್ಳುವುದು ಒಂದು. ಅದನ್ನು ‘ಇನ್ನು ಮೇಲೆ ಚೆನ್ನಾಗಿ ಕೇಳಿಸಿಕೊಳ್ತೀನಿ’ ಎಂಬ ಸಂಕಲ್ಪವಾಗಿ ಬರೆದರೆ ವಾರದೊಳಗೆ ಮರೆತುಹೋಗುತ್ತದೆ. ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ರೂಪದಲ್ಲಿ ಬರೆಯಿರಿ. ಈ ಬಗೆಯ ಯೋಜನೆ ಹೆಚ್ಚು ಕೈಗೂಡುತ್ತದೆ ಎಂಬುದನ್ನು ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆ 1990ರ ದಶಕದಿಂದಲೂ ತೋರಿಸುತ್ತಾ ಬಂದಿದೆ.

- ಕೂತ ಕೂಡಲೇ ಫೋನು ಮೇಜಿನ ಮೇಲೆ ಮಗುಚಿ ಅಲ್ಲ, ಬ್ಯಾಗಿನ ಒಳಗೆ.
- ಮೆಸೇಜು ಓದಿ ಈಗ ಉತ್ತರಿಸಲು ಆಗದಿದ್ದರೆ, ‘ನೋಡಿದೆ, ರಾತ್ರಿ ಬರೀತೀನಿ’ ಎಂದು ಹಾಕಿ, ಚಾಟನ್ನು ಓದಿಲ್ಲ ಎಂದು ಗುರುತು ಮಾಡಿಡುವುದು.
- ಯಾರಾದರೂ ಕಷ್ಟ ಹೇಳಿದರೆ, ನನ್ನ ಮೊದಲ ಎರಡು ವಾಕ್ಯ ಪ್ರಶ್ನೆಯಾಗಿರಬೇಕು.
- ಯೋಜನೆಗೆ ಕರೆದಾಗ ‘ನೋಡೋಣ’ ಬಾಯಿಗೆ ಬಂದರೆ, ‘ಗುರುವಾರ ಹೇಳ್ತೀನಿ’ ಎಂದು ದಿನ ಹೇಳುವುದು, ಹೇಳಿದ ದಿನ ತಿಳಿಸುವುದು.

ಎಷ್ಟು ಕಾಲ ಬೇಕು? ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು 18ರಿಂದ 254 ದಿನ ಎಂಬ ಅಂದಾಜು ಸಿಕ್ಕಿತ್ತು, ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ಹಾನಿಯೂ ಕಾಣಲಿಲ್ಲ. ಆದರೆ ಅವು ದಿನವೂ ಮಾಡುವ ಕೆಲಸಗಳು. ವಾರಕ್ಕೊಮ್ಮೆ ಸಿಗುವ ಗೆಳೆಯರೊಂದಿಗೆ 66 ದಿನದಲ್ಲಿ ಅಭ್ಯಾಸಕ್ಕೆ ಸಿಗುವುದು ಒಂಬತ್ತೋ ಹತ್ತೋ ಅವಕಾಶ. ಅದಕ್ಕೇ ದಿನ ನಿತ್ಯ ಸಂದರ್ಭ ಬರುವ ಚಾಳಿಯನ್ನು, ಅಂದರೆ ಮೆಸೇಜಿಗೆ ಸಂಬಂಧಿಸಿದ್ದನ್ನು, ಮೊದಲು ಹಿಡಿಯುವುದು ಜಾಣತನ.

ಕ್ಷಮೆ ಕೇಳುವುದಿದ್ದರೆ ಒಂದೇ ನಿರ್ದಿಷ್ಟ ಸಂಗತಿಗೆ ಕೇಳಿ: ಮಾಡಿದ್ದೇನು, ಅವರಿಗೆ ಆದದ್ದೇನು, ಇನ್ನು ಮುಂದೆ ಮಾಡುವುದೇನು. ‘ನಿಂಗೆ ಬೇಜಾರಾಗಿದ್ರೆ ಸಾರಿ’ ಎಂದರೆ ತಪ್ಪು ಅವರ ಬೇಜಾರಿನದ್ದಾಗುತ್ತದೆ. ಹಣದ ವಿಷಯವಾದರೆ ಮೊದಲು ಹಣ ಹೋಗಲಿ, ಮಾತು ಆಮೇಲೆ. ಲೆಕ್ಕದ ಹಾಳೆಯನ್ನು ಮಾತ್ರ ಯಾರಿಗೂ ತೋರಿಸಬೇಡಿ. ತಮ್ಮ ಹೆಸರಿನ ಕೆಳಗೆ ಗೀಟು ಹಾಕಿ ಎಣಿಸಿದ್ದನ್ನು ನೋಡಿ ಖುಷಿಪಡುವ ಗೆಳೆಯರು ಇರಲಾರರು.

ಮೂರು ತಿಂಗಳ ನಂತರ ಅದೇ ಮೂವರ ಚಾಟ್ ತೆಗೆದು ಅದೇ ಪದಗಳನ್ನು ಹುಡುಕಿ, ಅದೇ ಎಣಿಕೆ ಮಾಡಿ. ಆಗ ನೋಡಬೇಕಾದ್ದು ನಿಮ್ಮ ಅಂಕಿಗಳನ್ನು ಮಾತ್ರ. ನೀವು ತಡ ಮಾಡುತ್ತೀರಿ ಎಂದು ಅರ್ಧ ಗಂಟೆ ಹಿಂದಿನ ಸಮಯ ಹೇಳುವುದನ್ನು ರೂಢಿಸಿಕೊಂಡ ಗೆಳತಿ, ಹೇಳಿದ್ದನ್ನೆಲ್ಲ ಹೊರಗೆ ಬಿಡುತ್ತೀರಿ ಎಂದು ಅರ್ಧವೇ ಹೇಳುವ ಗೆಳೆಯ, ಅದನ್ನು ಇನ್ನೂ ಕೆಲವು ತಿಂಗಳು ಮುಂದುವರಿಸುತ್ತಾರೆ. ನೀವು ಬದಲಾಗಿದ್ದೀರಿ ಎಂಬ ಸುದ್ದಿ ಅವರಿಗೆ ಬಾಯಿಮಾತಿನಲ್ಲಿ ತಲುಪುವಂಥದ್ದಲ್ಲ, ಹಾಗಾಗಿ ಘೋಷಿಸಲೂ ಹೋಗಬೇಡಿ. ಎಣಿಕೆ ಸುಧಾರಿಸಿದ್ದರೆ ಪಟ್ಟಿಯ ಎರಡನೆಯದನ್ನು ಹಿಡಿಯಿರಿ. ಹಾಗೇ ಇದ್ದರೆ ಬದಲಾಯಿಸಬೇಕಾದ್ದು ‘ಹೀಗಾದಾಗ’ ಎಂದು ಬರೆದ ಮೊದಲ ಅರ್ಧ. ಸಂದರ್ಭ ಯಾವುದೆಂದು ಖಚಿತವಾಗಿ ಬರೆಯದಿದ್ದಾಗಲೇ ಯೋಜನೆ ಸಾಮಾನ್ಯವಾಗಿ ಕೈಕೊಡುವುದು.